ಹುದ್‌ಹುದ್ ಆದ ಮೇಲೆ: ಚಾವಣಿ ರಿಪೇರಿಗೂ ವಿಮೆ ಕ್ಲೇಮಿಗೂ ಒಂದೇ ರಿಜಿಸ್ಟರ್

2014ರ ಅಕ್ಟೋಬರ್ 12, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹುದ್‌ಹುದ್ ಚಂಡಮಾರುತ ನೇರ ವಿಶಾಖಪಟ್ಟಣದ ಮೇಲೇ ಬಂತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿಯ ವೇಗ ಗಂಟೆಗೆ 170ರಿಂದ 180 ಕಿ.ಮೀ. ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು. ಕೈಲಾಸಗಿರಿ ಬೋಳಾಯಿತು. ಊರಲ್ಲಿ ಕರೆಂಟಿಲ್ಲ, ಫೋನಿಲ್ಲ, ಪೆಟ್ರೋಲ್ ಬಂಕ್ ಮುಂದೆ ಉದ್ದನೆಯ ಸಾಲು.

ನಾನು ಆಗ ಅಲ್ಲಿನ ಒಂದು ವಿಶ್ವವಿದ್ಯಾಲಯದ ಎಸ್ಟೇಟ್ ಆಫೀಸಿನಲ್ಲಿ ಸಿವಿಲ್ ಎಂಜಿನಿಯರ್. ಯಾವುದು ಅಂತ ಹೆಸರು ಬೇಡ. ಹಾರಿಹೋದ ಚಾವಣಿ ಮತ್ತೆ ಹಾಕಿಸುವುದು, ವಿಮೆ ಕಂಪನಿಯಿಂದ ಹಣ ತರುವುದು, ಎರಡೂ ನಮ್ಮ ಮೇಜಿಗೇ ಬಂದವು. ಸಾಮಾನ್ಯವಾಗಿ ರಿಪೇರಿ ಎಂಜಿನಿಯರ್ ಕೈಯಲ್ಲಿರುತ್ತೆ, ಕ್ಲೇಮು ಅಕೌಂಟ್ಸ್ ವಿಭಾಗದ ಕೈಯಲ್ಲಿರುತ್ತೆ. ಆರು ತಿಂಗಳಾದ ಮೇಲೆ ಎರಡೂ ಲೆಕ್ಕ ತಾಳೆ ಆಗುವುದಿಲ್ಲ. ಹಣ ಹೋಗುವುದು ಅಲ್ಲೇ. ನಾವು ಎರಡನ್ನೂ ಒಂದೇ ರಿಜಿಸ್ಟರಿನಲ್ಲಿ ನಡೆಸಿದೆವು. ಅದು ಹೇಗೆ ನಡೆಯಿತು, ಎಲ್ಲಿ ಹಣ ಬಂತು, ಎಲ್ಲಿ ಬರಲಿಲ್ಲ ಅನ್ನುವುದರ ದಾಖಲೆ ಇದು.

ಮೊದಲು ಪಾಲಿಸಿ ಓದಿದ್ದು

ಪಾಲಿಸಿಯ ಹೆಸರು ಸ್ಟಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್. ಹೆಸರಲ್ಲಿ ಬೆಂಕಿ ಇದ್ದರೂ ಬಿರುಗಾಳಿ, ಚಂಡಮಾರುತ, ಪ್ರವಾಹ ಎಲ್ಲ ಅದರೊಳಗೇ ಬರುತ್ತವೆ. ಈ ಭಾಗಕ್ಕೆ ವಿಮೆಯವರು ಎಸ್‌ಟಿಎಫ್‌ಐ ಅನ್ನುತ್ತಾರೆ. ಆ ಭಾಗ ಬೇಡ ಅಂದರೆ ಪ್ರೀಮಿಯಂ ಸ್ವಲ್ಪ ಇಳಿಯುತ್ತೆ. ನಮ್ಮ ಪಾಲಿಸಿಯಲ್ಲಿ ಅದು ಉಳಿದಿತ್ತು, ಪುಣ್ಯ.

ಉಳಿದ ಮುಖ್ಯ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಹಾನಿಯಾದ ಕೂಡಲೇ ತಿಳಿಸಬೇಕು. 15 ದಿನದೊಳಗೆ ವಿವರವಾದ ಕ್ಲೇಮು ಬರಹದಲ್ಲಿ ಕೊಡಬೇಕು, ಆಗದಿದ್ದರೆ ಮುಂಚೆಯೇ ಪತ್ರ ಬರೆದು ಸಮಯ ಕೇಳಬೇಕು. ಪ್ರಕೃತಿ ವಿಕೋಪದ ಕ್ಲೇಮಿನಲ್ಲಿ 5% ನಮ್ಮ ಪಾಲು. ಅವಶೇಷ ತೆಗೆಸುವ ಖರ್ಚು ಕ್ಲೇಮಿನ 1%ವರೆಗೆ. ಆರ್ಕಿಟೆಕ್ಟ್ ಮತ್ತು ಕನ್ಸಲ್ಟೆಂಟ್ ಫೀಸು 3%ವರೆಗೆ. ಜೊತೆಗೆ ರೀಇನ್‌ಸ್ಟೇಟ್‌ಮೆಂಟ್ ಷರತ್ತು: ಹಳೆಯದಕ್ಕೆ ಹೊಸದರ ಬೆಲೆ ಕೊಡುತ್ತಾರೆ. ಆದರೆ ನಿಜವಾಗಿ ಮತ್ತೆ ಕಟ್ಟಿಸಬೇಕು, ಅದೂ 12 ತಿಂಗಳಲ್ಲಿ. ಕಟ್ಟಿಸದಿದ್ದರೆ ಸವಕಳಿ ಕಳೆದು ಉಳಿದಷ್ಟೇ.

ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಚ್ಚುವುದು ಆವರೇಜ್ ಷರತ್ತು. ಉದಾಹರಣೆಗೆ ಒಂದು ಕಟ್ಟಡ ಇವತ್ತು ಮತ್ತೆ ಕಟ್ಟಲು 40 ಕೋಟಿ ಬೇಕು ಅನ್ನಿ. ನೀವು ವಿಮೆ ಮಾಡಿಸಿದ್ದು 30 ಕೋಟಿಗೆ. ಹಾನಿ 4 ಕೋಟಿ. ಪೂರ್ತಿ 4 ಕೋಟಿ ಸಿಗುವುದಿಲ್ಲ. 40ಕ್ಕೆ 30ರ ಲೆಕ್ಕದಲ್ಲಿ 3 ಕೋಟಿ ಆಗುತ್ತೆ. ಅದರಲ್ಲಿ 5% ಕಳೆದರೆ 2 ಕೋಟಿ 85 ಲಕ್ಷ. ಹಾನಿಯಾದದ್ದು ಕಟ್ಟಡದ ಹತ್ತನೇ ಒಂದು ಭಾಗ ಮಾತ್ರ ಅಲ್ವಾ, 30 ಕೋಟಿ ಸಾಲದೇ ಅಂತ ನಮ್ಮ ಒಬ್ಬ ಡೀನ್ ಕೊನೆಯವರೆಗೂ ಕೇಳುತ್ತಲೇ ಇದ್ದರು. ಕೇಳುವುದು ನ್ಯಾಯವೇ. ಷರತ್ತು ಮಾತ್ರ ಹಾಗೆ ನಡೆಯುವುದಿಲ್ಲ.

ಈ ಲೆಕ್ಕ ಪಾಲಿಸಿಯ ಪಟ್ಟಿಯ ಒಂದೊಂದು ಸಾಲಿಗೂ ಬೇರೆ ಬೇರೆ. ಲೈಬ್ರರಿ ಕಟ್ಟಡಕ್ಕೆ ಜಾಸ್ತಿ ಮೊತ್ತ ಇದೆ, ವರ್ಕ್‌ಶಾಪಿಗೆ ಕಡಿಮೆ ಇದೆ ಅಂದರೆ ಇಲ್ಲಿಂದ ತೆಗೆದು ಅಲ್ಲಿಗೆ ಹಾಕಲು ಆಗುವುದಿಲ್ಲ. ಹಾಗಾಗಿ ರಿಜಿಸ್ಟರಿನ ಮೊದಲ ಕಾಲಂ ಪಾಲಿಸಿಯ ಸಾಲಿನ ಸಂಖ್ಯೆ. ಒಡೆದ ವಸ್ತು ಆ ಪಟ್ಟಿಯಲ್ಲಿ ಎಲ್ಲಿ ಕೂರುತ್ತೆ ಅಂತ ಗೊತ್ತಾಗುವವರೆಗೆ ಅದರ ಬೆಲೆ ಹಾಕಿ ಪ್ರಯೋಜನ ಇರಲಿಲ್ಲ.

ಸ್ಲೇಟು, ಬಳಪ, ಕ್ಯಾಮೆರಾ

ಕ್ಯಾಂಪಸ್ಸಿನ ರಸ್ತೆ ತುಂಬ ಮರ ಬಿದ್ದಿತ್ತು. ಗರಗಸ ಹಿಡಿದ ಗುಂಪು ಮುಂದೆ, ಫೋಟೊ ತೆಗೆಯುವವರು ಹಿಂದೆ ಅಂತ ಮಾಡಿದರೆ ಸಾಕ್ಷಿ ಹೋಯಿತು. ನಾವು ತಿರುಗಿಸಿದೆವು. ಕಟ್ಟಡದ ಮೇಲೆ ಬಿದ್ದ ಮರಕ್ಕೆ ಫೋಟೊ ಆಗದೆ ಗರಗಸ ಇಲ್ಲ. ರಸ್ತೆಯ ಮರಕ್ಕೆ ಈ ನಿಯಮ ಬೇಕಿರಲಿಲ್ಲ, ಯಾಕಂದರೆ ಮರ ನಮ್ಮ ಪಾಲಿಸಿಯ ಪಟ್ಟಿಯಲ್ಲೇ ಇರಲಿಲ್ಲ.

ಪ್ರತಿ ಕೋಣೆಗೂ ಒಂದು ನಂಬರು. ಮಕ್ಕಳ ಸ್ಲೇಟಿನ ಮೇಲೆ ಕೋಣೆಯ ನಂಬರು, ತಾರೀಖು ಬರೆದು ಪ್ರತಿ ಫೋಟೊದಲ್ಲೂ ಕಾಣುವಂತೆ ಹಿಡಿಯಬೇಕು. ಬಾಗಿಲಿಂದ ಒಂದು, ನಾಲ್ಕು ಮೂಲೆಯಿಂದ ಒಂದೊಂದು, ಚಾವಣಿಗೆ ಒಂದು, ನೆಲಕ್ಕೆ ಒಂದು. ಆಮೇಲೆ ಹಾಳಾದ ವಸ್ತುಗಳ ನೇಮ್ ಪ್ಲೇಟ್, ಸೀರಿಯಲ್ ನಂಬರು. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಕ್ಯಾಮೆರಾ ನಡೆಯುತ್ತೆ. ಜನರೇಟರ್ ಹಾಕುವ ಸಂಜೆಯ ಹೊತ್ತಿನಲ್ಲಿ ಚಾರ್ಜು.

ರಿಜಿಸ್ಟರಿನಲ್ಲಿ ನಮಗೆ ತುಂಬ ಬೆಲೆ ಬಾಳಿದ ಕಾಲಂ ಒಂದಿತ್ತು: ನೀರು ಎಲ್ಲಿಂದ ಬಂತು. ಗಾಳಿ ಚಾವಣಿ ಕಿತ್ತು ಅಥವಾ ಗಾಜು ಒಡೆದು, ಆ ದಾರಿಯಲ್ಲಿ ಮಳೆ ನುಗ್ಗಿದರೆ ಅದು ಚಂಡಮಾರುತದ ಹಾನಿ. ತೆರೆದಿಟ್ಟ ಕಿಟಕಿಯಿಂದ, ಹಳೆಯ ಟೆರೇಸಿನ ಬಿರುಕಿನಿಂದ ಸೋರಿದರೆ ಸರ್ವೇಯರ್, ಅಂದರೆ ಹಾನಿ ಅಳೆಯಲು ವಿಮೆ ಕಂಪನಿ ನೇಮಿಸುವವರು, ಅದನ್ನು ನಿರ್ವಹಣೆಯ ದೋಷ ಅನ್ನುತ್ತಾರೆ. ಆಡಳಿತ ಕಟ್ಟಡದ ಎರಡು ಹಾಲ್‌ಗಳಲ್ಲಿ ಹೀಗೇ ಆಯಿತು. ಎರಡರಲ್ಲೂ ಫಾಲ್ಸ್ ಸೀಲಿಂಗ್ ಬಿದ್ದಿತ್ತು, ಕಾರ್ಪೆಟ್ ನೆಂದಿತ್ತು. ಒಂದರ ಮೇಲೆ ಸಿಂಟೆಕ್ಸ್ ಟ್ಯಾಂಕು ಉರುಳಿ ಪೈಪು ಕಿತ್ತುಹೋಗಿದ್ದು ಫೋಟೊದಲ್ಲಿ ಸ್ಪಷ್ಟ ಇತ್ತು. ಇನ್ನೊಂದರ ಮೇಲೆ ಹಳೆಯ ಪಾಚಿ ಹಿಡಿದ ಬಿರುಕು. ಮೊದಲನೆಯದಕ್ಕೆ ಹಣ ಬಂತು, ಎರಡನೆಯದಕ್ಕೆ ಬರಲಿಲ್ಲ. ಸರ್ವೇಯರ್ ತಪ್ಪು ಮಾಡಿದರು ಅಂತ ನಾನು ಹೇಳಲಾರೆ.

ತಾತ್ಕಾಲಿಕ ಮುಚ್ಚಿಗೆ

ಪಾಲಿಸಿ ಇದೆ ಅಂತ ಒದ್ದೆಯನ್ನು ಹಾಗೇ ಬಿಡುವಂತಿಲ್ಲ. ಹಾನಿ ಬೆಳೆಯದ ಹಾಗೆ ನೋಡಿಕೊಳ್ಳುವುದು ವಿಮೆ ಮಾಡಿಸಿದವರ ಹೊಣೆ. ಟಾರ್ಪಾಲು ಎಲ್ಲಿ ಸಿಕ್ಕೀತು? ಇಡೀ ಊರಿಗೇ ಬೇಕು. ವಿಜಯವಾಡದಿಂದ ಲಾರಿಯಲ್ಲಿ ತರಿಸಿದೆವು. ದರ ಮಾಮೂಲಿಗಿಂತ ಜಾಸ್ತಿ. ಬಿಲ್ಲಿನ ಜೊತೆಗೆ ಯಾವ ಕಟ್ಟಡಕ್ಕೆ ಎಷ್ಟು ಹಾಳೆ ಹೋಯಿತು ಅಂತ ಸ್ಟೋರ್ ಚೀಟಿ ಇಟ್ಟೆವು. ಆ ಚೀಟಿಗಳಿಂದಾಗಿಯೇ ಟಾರ್ಪಾಲಿನ ಖರ್ಚು ಹಾನಿ ತಡೆಯುವ ಖರ್ಚು ಅಂತ ಒಪ್ಪಿಗೆಯಾಯಿತು. ಜನರೇಟರಿಗೆ ಹಾಕಿದ ಡೀಸೆಲ್ಲಿಗೆ ಮಾತ್ರ ಚಿಕ್ಕಾಸೂ ಬರಲಿಲ್ಲ.

ಲ್ಯಾಬುಗಳಲ್ಲಿ ಒಂದೇ ಆಜ್ಞೆ: ಯಾರೂ ಸ್ವಿಚ್ ಹಾಕಬೇಡಿ. ಸಮುದ್ರದ ಗಾಳಿ ಹೊತ್ತು ತಂದ ನೀರಿನಲ್ಲಿ ಉಪ್ಪು ಇರುತ್ತೆ. ಬೋರ್ಡು ಒಣಗಿದ ಹಾಗೆ ಕಂಡರೂ ಉಪ್ಪಿನ ಪದರ ಉಳಿದಿರುತ್ತೆ. ಕರೆಂಟು ಹೋದ ಕೂಡಲೇ ಶಾರ್ಟ್. ಪ್ಯಾನೆಲ್ ಬಿಚ್ಚಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಒರೆಸಿ, ಒಣಗಿಸಿ, ಮೆಗ್ಗರ್‌ನಲ್ಲಿ ಇನ್ಸುಲೇಶನ್ ಅಳೆದು, ಆ ರೀಡಿಂಗ್ ರಿಜಿಸ್ಟರಿಗೆ ಬರೆದು, ಆಮೇಲೆ ಸ್ವಿಚ್. ಹೀಗೆ ಎಷ್ಟೋ ಮೋಟಾರು, ಪಂಪು ಬದುಕಿದವು. ಸ್ಪೆಕ್ಟ್ರೋಮೀಟರ್ ತರಹದ ದುಬಾರಿ ಯಂತ್ರಗಳನ್ನು ನಾವು ಮುಟ್ಟಲಿಲ್ಲ. ತಯಾರಿಕಾ ಕಂಪನಿಯ ಸರ್ವಿಸ್ ಎಂಜಿನಿಯರ್ ಬಂದು ರಿಪೇರಿ ಆಗುತ್ತೋ ಇಲ್ಲವೋ ಅಂತ ಬರಹದಲ್ಲಿ ಕೊಡುವವರೆಗೆ ಪ್ಲಾಸ್ಟಿಕ್ ಹೊದಿಸಿ ಸೀಲ್ ಮಾಡಿದೆವು. ರಿಪೇರಿ ಆಗುವುದಿಲ್ಲ ಅಂತ ಪ್ರೊಫೆಸರ್ ಹೇಳಿದರೆ ಸರ್ವೇಯರ್ ಒಪ್ಪುವುದಿಲ್ಲ, ತಯಾರಕರ ಪತ್ರ ಇದ್ದರೆ ಒಪ್ಪುತ್ತಾರೆ.

ಪುಸ್ತಕಗಳದ್ದು ಬೇರೆಯೇ ಕತೆ. ನೆಂದ ಪುಸ್ತಕಕ್ಕೆ ಎರಡು ಮೂರು ದಿನದಲ್ಲಿ ಬೂಷ್ಟು ಹತ್ತುತ್ತೆ, ವಿಶಾಖಪಟ್ಟಣದ ಸೆಕೆಯಲ್ಲಿ ಕೇಳಲೇಬೇಡಿ. ನುಣುಪು ಆರ್ಟ್ ಪೇಪರಿನ ಪುಸ್ತಕ ಒದ್ದೆಯಲ್ಲೇ ಒಣಗಿದರೆ ಇಟ್ಟಿಗೆ ಆಗುತ್ತೆ, ಹಾಳೆ ಬಿಡಿಸಲು ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಒಣಗಿಸುವಷ್ಟು ಕೈ ಇಲ್ಲದಾಗ ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಕೊಳೆಯುವುದು ನಿಲ್ಲುತ್ತೆ. ಅದು ಮೀನುಗಾರಿಕೆಯ ಊರು. ಸೀಗಡಿ ರಫ್ತು ಮಾಡುವ ಒಂದು ಘಟಕಕ್ಕೆ ಸ್ವಂತ ಜನರೇಟರ್ ಇತ್ತು. ಲೈಬ್ರರಿಯನ್ ಅಮ್ಮ ಹೋಗಿ ಕೇಳಿಕೊಂಡರು. ಒಂದು ಮೂಲೆ ಕೊಟ್ಟರು. ಎರಡೆರಡು ಪಾಲಿಥೀನ್ ಕವರು ಹಾಕಿ, ಕ್ರೇಟಿನಲ್ಲಿ ಜೋಡಿಸಿ, ಸೀಗಡಿ ಪೆಟ್ಟಿಗೆಗಳ ಪಕ್ಕದಲ್ಲಿ ಪುಸ್ತಕ ಇಟ್ಟೆವು. ಆಮೇಲೆ ಸ್ವಲ್ಪ ಸ್ವಲ್ಪವೇ ತಂದು, ಹಾಳೆ ನಡುವೆ ಹೀರುಕಾಗದ ಇಟ್ಟು ಒಣಗಿಸಿದ್ದು. ಪೇಟೆಯಲ್ಲಿ ಸಿಗುವ ಪಠ್ಯಪುಸ್ತಕಕ್ಕೆ ಈ ಕಷ್ಟ ಯಾಕೆ, ಅದನ್ನು ಬಿಟ್ಟೆವು. ಮತ್ತೆ ಸಿಗದ ಜರ್ನಲ್ ಸಂಪುಟಗಳಿಗೆ, ಹಳೆಯ ಪ್ರಬಂಧಗಳಿಗೆ ಮಾತ್ರ ಸೀಗಡಿ ಕೋಣೆ.

ಸರ್ವೇಯರ್ ಬಂದರು

ಆಗಿನ ನಿಯಮದ ಪ್ರಕಾರ ತಿಳಿಸಿದ 72 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 30 ದಿನದಲ್ಲಿ ವರದಿ ಬರಬೇಕು. ದೊಡ್ಡ, ತೊಡಕಿನ ಕ್ಲೇಮಿಗೆ ಆರು ತಿಂಗಳವರೆಗೂ ಎಳೆಯಬಹುದು. ಕಾಶ್ಮೀರದ ಪ್ರವಾಹ ಆಗಿ ಒಂದು ತಿಂಗಳಾಗಿತ್ತಷ್ಟೆ. ನಮಗೆ ಬಂದ ಸರ್ವೇಯರ್ ಸಾಹೇಬರು ಶ್ರೀನಗರದ ಕೆಲಸ ಅರ್ಧಕ್ಕೆ ಬಿಟ್ಟು ಬಂದವರು. ದಣಿದಿದ್ದರು, ಆದರೆ ಕಣ್ಣು ಚುರುಕು.

ಅವರಿಗೆ ನಾವು ಒಟ್ಟು ಮೊತ್ತ ಹೇಳಲಿಲ್ಲ. ಕಟ್ಟಡಕ್ಕೊಂದು ಫೈಲು, ಫೈಲಿನಲ್ಲಿ ಕೋಣೆಗೊಂದು ಹಾಳೆ. ಅವರು ಕೋಣೆಗೆ ಕಾಲಿಟ್ಟಾಗ ಆ ಕೋಣೆಯ ಹಾಳೆ ಕೈಯಲ್ಲಿ. ಅಳತೆ ಇಬ್ಬರೂ ಸೇರಿ ತೆಗೆದು ಅಲ್ಲೇ ಸಹಿ. ಪಿಡಬ್ಲ್ಯೂಡಿ ಕೆಲಸದ ಎಂಬಿ (ಅಳತೆ ಪುಸ್ತಕ) ಬರೆದು ಅಭ್ಯಾಸ ಇದ್ದವರಿಗೆ ಇದೇನು ಹೊಸದಲ್ಲ. ಜಂಟಿ ಸಹಿ ಇದ್ದ ಅಳತೆಯ ಮೇಲೆ ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರೆಲ್ಲ ದರದ ಮೇಲೆ. ನಾವು ಮೂರು ಕೊಟೇಶನ್ ಇಟ್ಟೆವು, ಅವರು ಸರ್ಕಾರಿ ದರಪಟ್ಟಿ ತೋರಿಸಿದರು. ಚಂಡಮಾರುತದ ನಂತರ ದರಪಟ್ಟಿಯ ಕೂಲಿಗೆ ಒಬ್ಬ ಮೇಸ್ತ್ರಿಯೂ ಏಣಿ ಹತ್ತುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ನಾವು ನಿಜವಾಗಿ ಕೊಟ್ಟ ಕೂಲಿಯ ಮಸ್ಟರ್ ರೋಲ್ (ಹಾಜರಿ, ಕೂಲಿಯ ಪಟ್ಟಿ) ತೋರಿಸಿದ ಮೇಲೆ ನಡುವೆ ಎಲ್ಲೋ ನಿಂತಿತು.

ಬಿದ್ದ ಮರದ ದುಡ್ಡಿನ ಮೇಲೆ ಒಂದು ಸ್ವಾರಸ್ಯದ ಜಗಳ ಆಯಿತು. ಮರ ಹರಾಜು ಹಾಕಿ ಬಂದ ಹಣವನ್ನು ಗುಜರಿ ಬೆಲೆ ಅಂತ ಕ್ಲೇಮಿನಿಂದ ಕಳೆಯಲು ಸರ್ವೇಯರ್ ಹೊರಟರು. ತುಕ್ಕು ಹಿಡಿದ ತಗಡು, ತಾಮ್ರದ ತಂತಿ ಕಳೆಯಿರಿ, ಸರಿ. ಮರಕ್ಕೆ ನೀವು ವಿಮೆಯೇ ಕೊಟ್ಟಿಲ್ಲ, ಮರದ ಗುಜರಿ ನಿಮ್ಮದು ಹೇಗೆ ಅಂತ ಕೇಳಿದೆವು. ಅವರು ನಕ್ಕು ಆ ಸಾಲು ಹೊಡೆದುಹಾಕಿದರು. ಅದೇ ತರ್ಕ ನಮಗೂ ತಿರುಗಿ ಬಂತು: ರಸ್ತೆಯ ಮರ ಕಡಿಸಿದ ಖರ್ಚು ಅವಶೇಷದ 1%ರಲ್ಲಿ ಸೇರುವುದಿಲ್ಲ, ಕಟ್ಟಡದ ಮೇಲೆ ಬಿದ್ದ ಮರದ್ದು ಮಾತ್ರ ಸೇರುತ್ತೆ.

ಪಾಲಿಸಿಯನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಹಂಚಿಕೊಂಡಿದ್ದವು. ದೊಡ್ಡ ಪಾಲಿಸಿಗಳಲ್ಲಿ ಇದು ಮಾಮೂಲು. ಮುಖ್ಯ ಕಂಪನಿ ತೀರ್ಮಾನ ಮಾಡುತ್ತೆ, ಉಳಿದವರು ತಮ್ಮ ಪಾಲು ಬೇರೆ ಬೇರೆ ಚೆಕ್ಕಿನಲ್ಲಿ ಕೊಡುತ್ತಾರೆ. ಹಾಗಾಗಿ ಪ್ರತಿ ಪತ್ರದ ಪ್ರತಿ ಎಲ್ಲರಿಗೂ ಹೋಗಬೇಕು. ಒಂದು ಕಂಪನಿಯವರು ತಮಗೆ ಸಮೀಕ್ಷೆಯ ವಿಷಯವೇ ತಿಳಿದಿಲ್ಲ ಅಂದರು. ರವಾನೆ ಚೀಟಿ ತೋರಿಸಿದ ಮೇಲೆ ತಿಳಿಯಿತು.

ವರ್ಕ್‌ಶಾಪಿನ ಚಾವಣಿ

ಈಗ ನನಗೆ ಇಷ್ಟವಾದ ಭಾಗ. ಮೆಕ್ಯಾನಿಕಲ್ ವರ್ಕ್‌ಶಾಪಿನ ಶೆಡ್ಡು ಹಳೆಯ ಆಸ್ಬೆಸ್ಟಾಸ್ ಶೀಟಿನದು. ಪಕ್ಕದ ಶೆಡ್ಡಿಗೆ ಬಣ್ಣದ ತಗಡು. ಎರಡೂ ಹೋಗಿದ್ದವು. ಆಸ್ಬೆಸ್ಟಾಸ್ ಪುಡಿಪುಡಿ, ತಗಡು ಇಡೀ ಇಡಿಯಾಗಿ ಹಾರಿ ಆಟದ ಮೈದಾನದಲ್ಲಿ ಬಿದ್ದಿತ್ತು. ಬಳ್ಳಾರಿ ಕಡೆಯ ಒಬ್ಬ ವೆಲ್ಡರ್ ಕೆಲಸಕ್ಕೆ ಸಿಕ್ಕಿದ. ಬಿದ್ದ ತಗಡು ತಿರುಗಿಸಿ ನೋಡಿ, “ತಗಡು ಗಟ್ಟಿನೇ ಐತಿ ಸರ್. ಬೋಲ್ಟು ತಡಕೊಂಡಿಲ್ಲ ನೋಡ್ರಿ” ಅಂದ. ಸರಿಯಾಗಿಯೇ ಹೇಳಿದ್ದ.

ನಮ್ಮ ಗಾಳಿಯ ಕೋಡ್ ಐಎಸ್ 875ರ ಮೂರನೇ ಭಾಗ. ಅದರಲ್ಲಿ ವಿಶಾಖಪಟ್ಟಣಕ್ಕೆ ಮೂಲ ಗಾಳಿ ವೇಗ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ಬೆಂಗಳೂರಿಗೆ 33, ಮಂಗಳೂರಿಗೆ 39. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 50 ಮೀಟರಿಗೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಬೆಂಗಳೂರಿನ 33ಕ್ಕೆ ಸುಮಾರು 65 ಕೆ.ಜಿ. ತಗಡಿನ ತೂಕ ಚದರ ಮೀಟರಿಗೆ 5 ಕೆ.ಜಿ. ಆಸುಪಾಸು. ಗಾಳಿ ಚಾವಣಿಯನ್ನು ಮೇಲಕ್ಕೆ ಎಳೆಯುವಾಗ ಅದನ್ನು ಹಿಡಿದಿಡುವುದು ತೂಕವಲ್ಲ, ಬೋಲ್ಟೇ. ಅಂಚು, ಮೂಲೆಗಳಲ್ಲಿ ಈ ಎಳೆತ ನಡುಭಾಗಕ್ಕಿಂತ ತುಂಬ ಜಾಸ್ತಿ. ಹಳೆಯ ಶೆಡ್ಡಿನಲ್ಲಿ ಅಂಚಿಗೂ ನಡುವಿಗೂ ಒಂದೇ ಅಂತರದಲ್ಲಿ ಜೆ ಬೋಲ್ಟ್ ಹಾಕಿದ್ದರು. ಮೊದಲು ಪೂರ್ವದ ಕಿಟಕಿ ಗಾಜು ಒಡೆದಿದೆ, ಒಳಗೆ ಗಾಳಿ ತುಂಬಿ ಕೆಳಗಿಂದ ತಳ್ಳಿದೆ, ಮೇಲಿಂದ ಎಳೆದಿದೆ. ಅಂಚಿನ ಸಾಲು ಬಿಟ್ಟ ಮೇಲೆ ಉಳಿದದ್ದು ಹೋಗಲು ಹೊತ್ತೇನು?

ಹೊಸದಾಗಿ ಮಾಡಿದ್ದು ಹೀಗೆ. ಚಾವಣಿ ಹೊರುವ ಉಕ್ಕಿನ ಚೌಕಟ್ಟುಗಳು, ಅಂದರೆ ಟ್ರಸ್‌ಗಳು, ನೆಟ್ಟಗಿದ್ದವು, ವೆಲ್ಡ್‌ಗಳನ್ನು ಒಂದೊಂದಾಗಿ ನೋಡಿ ಉಳಿಸಿಕೊಂಡೆವು. ಆಸ್ಬೆಸ್ಟಾಸಿಗೆ ಇದ್ದ ಪರ್ಲಿನ್ (ಟ್ರಸ್ ಮೇಲೆ ಶೀಟು ಹೊರುವ ಅಡ್ಡಪಟ್ಟಿ) ಅಂತರ 1.4 ಮೀಟರ್. ಸೂರಿನ ಕಡೆಯೂ ಎರಡೂ ತುದಿಯಲ್ಲೂ ಎರಡು ಪರ್ಲಿನ್‌ಗಳ ನಡುವೆ ಇನ್ನೊಂದು ಕೊಟ್ಟೆವು. ಆಸ್ಬೆಸ್ಟಾಸ್ ಬಿಟ್ಟು ಬಣ್ಣದ ತಗಡು, ಇಪಿಡಿಎಂ ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ. ನಡುಭಾಗದಲ್ಲಿ ತಗಡಿನ ಒಂದು ಏಣು (ಉಬ್ಬು ಪಟ್ಟಿ) ಬಿಟ್ಟು ಒಂದಕ್ಕೆ, ಅಂಚಿನಲ್ಲಿ ಪ್ರತಿ ಏಣಿಗೂ. ಪರ್ಲಿನ್‌ನಿಂದ ಟ್ರಸ್‌ಗೆ ಕ್ಲೀಟು (ಹಿಡಿದಿಡುವ ಉಕ್ಕಿನ ತುಂಡು), ಟ್ರಸ್‌ನಿಂದ ಕಂಬಕ್ಕೆ ಆಂಕರ್ ಬೋಲ್ಟ್ ಬದಲಿ. ಸ್ಕ್ರೂ ಗಟ್ಟಿ ಮಾಡಿ ಪರ್ಲಿನ್ ಸಡಿಲ ಬಿಟ್ಟರೆ ಮುಂದಿನ ಸಲ ಪರ್ಲಿನ್ ಸಮೇತ ಹಾರುತ್ತೆ. ಪೂರ್ವದ ಕಿಟಕಿಗಳಿಗೆ ಉಕ್ಕಿನ ಷಟರ್.

ಇಲ್ಲಿ ವಿಮೆಯ ಗಡಿ ಬಂತು. ರೀಇನ್‌ಸ್ಟೇಟ್‌ಮೆಂಟ್ ಅಂದರೆ ಹೊಸದಿದ್ದಾಗ ಹೇಗಿತ್ತೋ ಅದೇ ಬಗೆಯದಕ್ಕೆ ಹಣ, ಅದಕ್ಕಿಂತ ಉತ್ತಮವಾದದ್ದಕ್ಕೆ ಅಲ್ಲ. ಹೆಚ್ಚುವರಿ ಪರ್ಲಿನ್, ಹೆಚ್ಚುವರಿ ಸ್ಕ್ರೂ, ಷಟರ್ ಎಲ್ಲ ನಮ್ಮ ಜೇಬಿಂದ. ಹಾಗಾಗಿ ಗುತ್ತಿಗೆದಾರರಿಗೆ ಎರಡು ಬಿಲ್ಲು ಕೇಳಿದೆವು. ಇದ್ದದ್ದನ್ನು ಇದ್ದ ಹಾಗೆ ಮಾಡುವುದಕ್ಕೆ ಒಂದು, ಮೇಲುಪಡಿಗೆ ಒಂದು. ಒಂದೇ ಬಿಲ್ಲಿನಲ್ಲಿ ಬಂದಿದ್ದರೆ ಸರ್ವೇಯರ್ ಅಂದಾಜಿನಲ್ಲಿ ಕತ್ತರಿಸುತ್ತಿದ್ದರು, ಅಂದಾಜು ಯಾವತ್ತೂ ನಮ್ಮ ಕಡೆ ವಾಲುವುದಿಲ್ಲ. ಮೇಲುಪಡಿ ಖರ್ಚು ಒಟ್ಟು ಚಾವಣಿಯ ಖರ್ಚಿನ ಮುಂದೆ ದೊಡ್ಡದೇನೂ ಅಲ್ಲ. ಕುಲಪತಿಗಳು ಕೂಡಲೇ ಸಹಿ ಹಾಕಿದರು.

ಆಮೇಲೆ 2015ರಲ್ಲಿ ಆ ಕೋಡಿನ ಹೊಸ ಆವೃತ್ತಿ ಬಂತು. ಚಂಡಮಾರುತದ ಕರಾವಳಿಗೆ ಬೇರೆ ಗುಣಾಂಕ ಸೇರಿಸಿದರು. ಚಂಡಮಾರುತದ ನಂತರವೂ ನಡೆಯಲೇಬೇಕಾದ ಕಟ್ಟಡಗಳಿಗೆ 1.30, ಕೈಗಾರಿಕಾ ಕಟ್ಟಡಗಳಿಗೆ 1.15, ಉಳಿದವಕ್ಕೆ 1. ಇದು ವೇಗಕ್ಕೆ ಗುಣಿಸುವ ಅಂಕಿ, ಒತ್ತಡದಲ್ಲಿ 1.30 ಅಂದರೆ ಸುಮಾರು 1.7 ಪಟ್ಟು. ಹಾಸ್ಟೆಲ್ ಊಟದ ಹಾಲ್ ಆಶ್ರಯಕ್ಕೆ ಬಳಕೆಯಾಗುವ ಜಾಗ, ಅದರ ಕೆಲಸ ಇನ್ನೂ ಬಾಕಿ ಇತ್ತು. ಅದನ್ನು ಈ ಅಂಕಿಯಲ್ಲೇ ಮಾಡಿಸಿದೆವು.

ಬಂದದ್ದು, ಬಾರದ್ದು

ಮಧ್ಯಂತರ ಹಣ ಕೇಳುವುದಕ್ಕೆ ನಾಚಿಕೆ ಬೇಡ. ಹಾನಿ ಆಗಿದ್ದು ಖಚಿತ, ಮೊತ್ತ ಮಾತ್ರ ಬಾಕಿ ಅನ್ನುವಾಗ ಆನ್ ಅಕೌಂಟ್ ಪಾವತಿ ಕೇಳಬಹುದು. ನಮಗೆ ಸರ್ವೇಯರ್ ಮಧ್ಯಂತರ ವರದಿ ಕೊಟ್ಟ ಮೇಲೆ ಬಂತು, ಹಾಸ್ಟೆಲ್ ಚಾವಣಿ ಅದರಲ್ಲೇ ಆಯಿತು. ಅದಿಲ್ಲದೆ 12 ತಿಂಗಳ ಗಡುವು ಹಿಡಿಯುವುದು ಕಷ್ಟ ಇತ್ತು. ಹೊಸ ಬೆಲೆಗೂ ಸವಕಳಿ ಬೆಲೆಗೂ ನಡುವಿನ ವ್ಯತ್ಯಾಸ ಕೆಲಸ ಮುಗಿಸಿ ಬಿಲ್ಲು ಕೊಟ್ಟ ಮೇಲೆಯೇ ಬರುವುದು. ಒಂದು ಕಟ್ಟಡ ತಡವಾಗುತ್ತೆ ಅಂತ ಗೊತ್ತಾದಾಗ ಗಡುವಿಗೆ ಮುಂಚೆಯೇ ಪತ್ರ ಬರೆದು ವಿಸ್ತರಣೆ ತೆಗೆದುಕೊಂಡೆವು.

ಮೊದಲ ಪಾವತಿಯ ಜೊತೆ ಸಹಿಗೆ ಬಂದ ರಸೀದಿಯಲ್ಲಿ, ಅಂದರೆ ಡಿಸ್ಚಾರ್ಜ್ ವೋಚರಿನಲ್ಲಿ, ಇದೇ ಪೂರ್ತಿ ಮತ್ತು ಕೊನೆಯದು ಅಂತ ಅಚ್ಚಾಗಿತ್ತು. ಅದನ್ನು ಹೊಡೆದು, ಮಧ್ಯಂತರ ಪಾವತಿ ಮಾತ್ರ ಅಂತ ಬದಲಿಸಿ ಕಳಿಸುವವರೆಗೆ ಸಹಿ ಹಾಕಲಿಲ್ಲ. ಅಕೌಂಟ್ಸಿನವರು ದುಡ್ಡು ಬಂದರೆ ಸಾಕು ಅನ್ನುತ್ತಿದ್ದರು.

ಬಾರದೇ ಹೋದದ್ದರಲ್ಲಿ ಹೊಟ್ಟೆ ಉರಿದದ್ದು ಜೀವವಿಜ್ಞಾನದ ಫ್ರೀಜರುಗಳು. ಮೈನಸ್ 80 ಡಿಗ್ರಿಯಲ್ಲಿ ಇಟ್ಟ ಮಾದರಿಗಳು ಕರೆಂಟಿಲ್ಲದೆ ಕರಗಿದವು. ಫ್ರೀಜರಿಗೆ ಏನೂ ಆಗಿರಲಿಲ್ಲ. ತಾಪಮಾನ ಬದಲಾಗಿ ಕೆಡುವ ಸರಕು ಈ ಪಾಲಿಸಿಯಲ್ಲಿ ಹೊರಗೆ, ಅದಕ್ಕೆ ಬೇರೆ ಆಡ್-ಆನ್ ಬೇಕು. ಪಿಎಚ್‌ಡಿ ಮಾಡುತ್ತಿದ್ದ ಮಕ್ಕಳಿಗೆ ಇದನ್ನು ಹೇಗೆ ಹೇಳುವುದು? ಕಂಪ್ಯೂಟರಿಗೆ ಹಣ ಬಂತು, ಒಳಗಿದ್ದ ಡೇಟಾಕ್ಕೆ ಬರಲಿಲ್ಲ. ಪಟ್ಟಿಯಲ್ಲಿ ಹೆಸರಿಸದ ಹಸ್ತಪ್ರತಿ, ನಕ್ಷೆಗಳಿಗೂ ಇಲ್ಲ. ಹಾಸ್ಟೆಲ್ ಮುಚ್ಚಿದ ದಿನಗಳ ಶುಲ್ಕಕ್ಕೂ ಇಲ್ಲ.

ಕಾಂಪೌಂಡ್ ಗೋಡೆ ನಮ್ಮ ಪಟ್ಟಿಯಲ್ಲಿ ಬೇರೆ ಸಾಲಾಗಿ ಇತ್ತು, ಹಾಗಾಗಿ ಸಿಕ್ಕಿತು. ಸೋಲಾರ್ ವಾಟರ್ ಹೀಟರುಗಳು ಕಟ್ಟಡದಲ್ಲೂ ಇಲ್ಲ, ಯಂತ್ರಗಳಲ್ಲೂ ಇಲ್ಲ. ಹಾಸ್ಟೆಲ್ ಕಟ್ಟಿದಾಗಿನ ಅಂತಿಮ ಬಿಲ್ಲಿನಲ್ಲಿ ಅವು ಕಟ್ಟಡದ ಭಾಗವಾಗಿ ಸೇರಿದ್ದವು ಅಂತ ಹಳೆಯ ಎಂಬಿ ಹುಡುಕಿ ತೋರಿಸಿದ ಮೇಲೆ ಒಪ್ಪಿದರು.

ಮುಂದಿನ ನವೀಕರಣಕ್ಕೆ ಪ್ರತಿ ಕಟ್ಟಡದ ಇವತ್ತಿನ ಕಟ್ಟುವ ದರ ಲೆಕ್ಕ ಹಾಕಿಸಿ ಸಾಲು ಸಾಲಾಗಿ ಮೊತ್ತ ತಿದ್ದಿದೆವು. ವರ್ಷದ ನಡುವೆ ಬೆಲೆ ಏರುವುದಕ್ಕೆ ಎಸ್ಕಲೇಶನ್ ಷರತ್ತು, ಅವಶೇಷಕ್ಕೆ ಹೆಚ್ಚಿನ ಮಿತಿ, ಸೋಲಾರ್ ಹೀಟರಿಗೆ ಬೇರೆ ಸಾಲು, ಹಸ್ತಪ್ರತಿಗಳಿಗೆ ಹೆಸರಿಸಿದ ಪಟ್ಟಿ. ಫ್ರೀಜರಿನ ಆಡ್-ಆನ್‌ಗೆ ಕೇಳಿದ ಪ್ರೀಮಿಯಂ ನೋಡಿ ಹಣಕಾಸು ಸಮಿತಿ ಬೇಡ ಅಂತು. ಆ ದುಡ್ಡಿನಲ್ಲಿ ಫ್ರೀಜರ್ ಕೋಣೆಗೆ ಪ್ರತ್ಯೇಕ ಜನರೇಟರ್, ತಾನಾಗಿ ಶುರುವಾಗುವ ಪ್ಯಾನೆಲ್ ಹಾಕಿಸಿದೆವು. ಅದನ್ನು ತಿಂಗಳಿಗೊಮ್ಮೆ ಲೋಡ್ ಹಾಕಿ ಓಡಿಸಿ ರೀಡಿಂಗ್ ಬರೆಯುವುದು ಎಲೆಕ್ಟ್ರಿಕಲ್ ವಿಭಾಗದ ಕೆಲಸ.